ಬೇಡ ಬೇರೆ, ಇಲ್ಲ ಬೇರೆ

ಯಾರ ಮನೆಗೇ ಹೋಗಲಿ, ಕೊಟ್ಟ ನೀರಿನ ಲೋಟವನ್ನು ತುಟಿಗಿಡುವ ಮುಂಚೆ ಮುನಿರತ್ನ ಮೇಡಂ, "ನೀರು ಎಲ್ಲಿಂದ ಬರ್ತೈತೆ?" ಎಂದು ಕೇಳುತ್ತಿದ್ದರು. ಉತ್ತರ ಬರುವವರೆಗೂ ಲೋಟ ಕೈಯಲ್ಲೇ ಇರುತ್ತಿತ್ತು. ಒಮ್ಮೆ ಐರ್ಲೆಂಡಿನ ಕಾರ್ಕ್ ನಗರದ ಕನ್ನಡದವರೆಲ್ಲ ಸೇರಿ ಡಗ್ಲಸ್ ಬಡಾವಣೆಯ ಒಂದು ಹಾಲ್‌ನಲ್ಲಿ ಯುಗಾದಿ ಊಟ ಇಟ್ಟುಕೊಂಡಿದ್ದೆವು. ಬಡಿಸಲು ನಿಂತಿದ್ದ ಡಾಕ್ಟರೊಬ್ಬರಿಗೆ ಈ ಪ್ರಶ್ನೆ ಬಿತ್ತು.

"ನಲ್ಲಿಯಿಂದ ಮೇಡಂ," ಎಂದರು ಅವರು ನಗುತ್ತ.

"ನಲ್ಲಿಗೆ ಎಲ್ಲಿಂದ?"

ಡಾಕ್ಟರಿಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷದಿಂದ ಈ ಊರಲ್ಲಿದ್ದವರು, ದಿನಾ ರೋಗಿಗಳಿಗೆ ನೀರು ಜಾಸ್ತಿ ಕುಡೀರಿ ಎಂದು ಹೇಳುವವರು. ಹೋಳಿಗೆಗೆ ತುಪ್ಪ ಹಾಕುವುದನ್ನು ಮರೆತು ನಿಂತುಬಿಟ್ಟರು. ಲೀ ನದಿಯ ಅಣೆಕಟ್ಟಿನಿಂದ ಬರುತ್ತದೆ ಎಂದು ಮೇಡಂ ತಾವೇ ಹೇಳಿ, ಲೋಟವನ್ನು ಒಂದೇ ಉಸಿರಿಗೆ ಖಾಲಿ ಮಾಡಿದರು. ಬೆನ್ನ ಹಿಂದೆ ಎಲ್ಲರೂ ಅವರನ್ನು 'ನೀರು ಮೇಡಂ' ಎನ್ನುತ್ತಿದ್ದರು. ನಾನೂ ಎಂದಿದ್ದೇನೆ.

ಅವರು ಕೆ.ಜಿ.ಎಫ್.ನವರು. ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಕಾಣುವ ಬೀದಿಯಲ್ಲಿ ಹುಟ್ಟಿ ಬೆಳೆದವರು. ಗಾಳಿ ಎದ್ದರೆ ಅವರ ಅಮ್ಮ ಮೊದಲು ಓಡುತ್ತಿದ್ದುದು ಒಣಹಾಕಿದ ಬಟ್ಟೆಯ ಕಡೆಗಲ್ಲ, ನೀರಿನ ಕೊಡದ ಕಡೆಗೆ. ಎರಡು ಪದರ ಬಟ್ಟೆ ಮುಚ್ಚಿ, ಮೇಲೆ ತಟ್ಟೆ ಮುಚ್ಚಿ, ಆಮೇಲೆ ಮಕ್ಕಳನ್ನು ಒಳಗೆ ಕರೆಯುತ್ತಿದ್ದರಂತೆ. "ನಾವು ಆಮೇಲೆ. ಕೊಡ ಫಸ್ಟು," ಎಂದು ಮೇಡಂ ನಗುತ್ತಿದ್ದರು. ಭೂವಿಜ್ಞಾನ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದು, ಕಾರ್ಖಾನೆಗಳ ನೆಲ ಎಷ್ಟು ಕೆಟ್ಟಿದೆ ಎಂದು ಅಳೆಯುವ ಕೆಲಸವನ್ನು ಮೂವತ್ತು ವರ್ಷ ಮಾಡಿದರು. ಮಾಲಿನ್ಯ ತಪಾಸಣೆ ಮಾಡುವ ಕಾರ್ಕ್‌ನ ಒಂದು ಕಂಪನಿಯಲ್ಲಿ ಅವರು ನನ್ನ ಹಿರಿಯರು. ಮೈಸೂರಿನಿಂದ ಬಂದು ಇಲ್ಲೇ ಎಂ.ಎಸ್ಸಿ. ಮುಗಿಸಿ, ವರ್ಕ್ ಪರ್ಮಿಟ್ ಮೇಲೆ ಸೇರಿದ ನಾನು ಅವರ ಕೈಕೆಳಗಿನವಳು.

ಐರಿಷರಿಗೆ ಅವರ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ. 'ಮುನಿ' ಎಂದು ಶುರುಮಾಡಿ 'ಮೂನಿ' ಎಂದು ಮುಗಿಸುತ್ತಿದ್ದರು. ಮೂನಿ ಇಲ್ಲಿನ ಹಳೆಯ ಮನೆತನದ ಹೆಸರು. ಆದ್ದರಿಂದ ಫೋನಿನಲ್ಲಿ ಮಾತ್ರ ಪರಿಚಯವಿದ್ದವರು ಸೈಟಿಗೆ ಬಂದಾಗ, ಕೆಂಪು ಕೂದಲಿನ ಒಬ್ಬ ಮಿಸೆಸ್ ಮೂನಿಯನ್ನು ಹುಡುಕುತ್ತಿದ್ದರು. ಎದುರಿಗಿರುತ್ತಿದ್ದುದು ಐದಡಿಗೂ ಕಮ್ಮಿ ಎತ್ತರದ, ಹಳದಿ ಸೇಫ್ಟಿ ಜಾಕೆಟ್ಟು ಮೊಣಕಾಲಿಗೆ ಬರುವ, ಹೆಲ್ಮೆಟ್ಟಿನ ಅಂಚಿನ ಕೆಳಗೆ ಕುಂಕುಮ ಇಟ್ಟ ಹೆಂಗಸು. ಜಡೆಯನ್ನು ಕಾಲರಿನೊಳಗೆ ತೂರಿಸಿಕೊಂಡಿರುತ್ತಿದ್ದರು. ಅವರ ಅಳತೆಯ ಬೂಟು ದೊಡ್ಡವರ ಅಂಗಡಿಯಲ್ಲಿ ಸಿಗದೆ ಹುಡುಗರ ವಿಭಾಗದಲ್ಲಿ ಕೊಳ್ಳುತ್ತಿದ್ದರು, ಅದನ್ನು ಯಾರಿಗೂ ಮುಚ್ಚಿಡುತ್ತಿರಲಿಲ್ಲ.

"ಕಂಪ್ಯೂಟರಲ್ಲಿ ಓದಿದ್ದೆಲ್ಲ ಸರಿ ತಾಯಿ. ಕಾಲಲ್ಲಿ ಓದಿದ್ಯಾ?" ಇದು ಅವರು ನನಗೆ ಹೇಳುತ್ತಿದ್ದ ಮಾತು. ಕಾಲಲ್ಲಿ ಓದುವುದೆಂದರೆ ಸೈಟಿನ ಸುತ್ತ, ಸೈಟಿನಾಚೆಯ ರಸ್ತೆಗಳಲ್ಲಿ, ಕೈಯಲ್ಲಿ ಯಾವ ಯಂತ್ರವನ್ನೂ ಹಿಡಿಯದೆ ನಡೆಯುವುದು. ಹಾಗೆ ನಡೆಯದೆ ಅವರು ಯಾವ ವರದಿಗೂ ಸಹಿ ಹಾಕುತ್ತಿರಲಿಲ್ಲ. ನನಗಾಗ ಇದು ಹಳೆಗಾಲದವರ ಚಟ ಅನ್ನಿಸುತ್ತಿತ್ತು.

ನಾನು ಹೇಳಬೇಕಾಗಿರುವುದು ಒಂದೇ ಸೈಟಿನ ಕಥೆ. ಕಾರ್ಕ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಊರೊಂದರ ಅಂಚಿನಲ್ಲಿ ಲೋಹದ ಬಿಡಿಭಾಗ ಮಾಡುವ ಕಾರ್ಖಾನೆ ಇತ್ತು. ಮುಚ್ಚಿ ಕೆಲವು ವರ್ಷವಾಗಿತ್ತು. ಜಾಗ ಮಾರಾಟಕ್ಕೆ ಬಂದಿದ್ದರಿಂದ ನೆಲ ಹೇಗಿದೆ ನೋಡಿ ಎಂದು ನಮ್ಮನ್ನು ಕರೆದರು. ದಾಖಲೆಗಳೆಲ್ಲ ಒಪ್ಪವಾಗಿದ್ದವು. ಬಳಸಿದ ರಾಸಾಯನಿಕವನ್ನೆಲ್ಲ ಡ್ರಮ್ಮುಗಳಲ್ಲಿ ತುಂಬಿಸಿ ಹೊರಗೆ ಕಳಿಸಲಾಗಿದೆ ಎಂದು ಕಾಗದ ಹೇಳುತ್ತಿತ್ತು. ಮೇಡಂ ಕಾಗದವನ್ನು ಮಡಿಸಿಟ್ಟು, ಅಲ್ಲಿ ಮೂವತ್ತು ವರ್ಷ ದುಡಿದ ಡೋನಲ್ ಎಂಬ ಮುದುಕನನ್ನು ಹುಡುಕಿಸಿ ಕರೆತಂದರು.

ಕಾರಿನ ಬಾನೆಟ್ಟಿನ ಮೇಲೆ ಟಿಫನ್ ಬಾಕ್ಸ್ ಬಿಚ್ಚಿ ಅವನಿಗೆ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ ಕೊಟ್ಟರು. ಪ್ರಶ್ನೆ ಕೇಳಲಿಲ್ಲ. ಕಾರ್ಖಾನೆಯ ಕ್ಯಾಂಟೀನು ಹೇಗಿತ್ತು, ಕ್ರಿಸ್‌ಮಸ್‌ಗೆ ಏನು ಕೊಡುತ್ತಿದ್ದರು ಎಂದು ಅರ್ಧ ಗಂಟೆ ಮಾತಾಡಿಸಿದರು. ಕೊನೆಗೆ ಅವನೇ ಎದ್ದು ನಮ್ಮನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದ. ಲೋಹದ ಜಿಡ್ಡು ತೆಗೆಯುವ ದ್ರಾವಣ ಕೊಳೆಯಾದ ಮೇಲೆ, ಡ್ರಮ್ಮಿಗೆ ತುಂಬಿಸುವ ರಗಳೆ ಬೇಡವೆಂದು, ಬಕೆಟ್ಟಿನಲ್ಲಿ ತಂದು ಅಲ್ಲಿ ಚೆಲ್ಲುತ್ತಿದ್ದರಂತೆ. "ತುರಿಕೆ ಗಿಡ ಬೆಳೆಯೋದು ಇಲ್ಲಿ. ಇದು ಹಾಕಿದ್ರೆ ಎಲ್ಲಾ ಸತ್ತುಹೋಗೋವು, ಗ್ರ್ಯಾಂಡ್ ಆಗಿ," ಎಂದ. ಚೆನ್ನಾಗಿದೆ, ಏನೂ ತೊಂದರೆಯಿಲ್ಲ ಎನ್ನುವುದಕ್ಕೆಲ್ಲ ಇಲ್ಲಿಯವರು ಹೇಳುವುದು ಗ್ರ್ಯಾಂಡ್. ಆ ಜಾಗದಲ್ಲಿ ಆಗಲೂ ಏನೂ ಬೆಳೆದಿರಲಿಲ್ಲ. ಅವನು ಹೋದ ಮೇಲೆ ಮೇಡಂ, "ಪಾಪ, ಅವನ್ಗೂ ಯಾರೂ ಹೇಳಿರ್ಲಿಲ್ಲ," ಎಂದರು. ಅವನ ಕೈಗಳ ಚರ್ಮ ಬಿರುಕುಬಿಟ್ಟು ಬೆಳ್ಳಗಾಗಿದ್ದುದನ್ನು ನಾನು ಗಮನಿಸಿರಲಿಲ್ಲ, ಅವರು ಗಮನಿಸಿದ್ದರು.

ಅಲ್ಲಿಂದ ಶುರುವಾಯಿತು. ಕೊರೆದಲ್ಲೆಲ್ಲ ಆ ದ್ರಾವಣ ಸಿಕ್ಕಿತು. ಆ ಕಡೆಯದು ಸುಣ್ಣಕಲ್ಲಿನ ನೆಲ. ಕಲ್ಲಿನ ಬಿರುಕುಗಳಲ್ಲಿ ನೀರು ಎಷ್ಟು ದೂರ, ಎಷ್ಟು ಬೇಗ ಹೋಗುತ್ತದೆ ಎಂದು ಹೇಳುವುದು ಕಷ್ಟ. ನೀರು ಹರಿಯುವ ದಿಕ್ಕಿನಲ್ಲಿ, ಹೊಲಗಳ ನಡುವಿನ ಸಣ್ಣ ರಸ್ತೆಯೊಂದರಲ್ಲಿ, ಹನ್ನೊಂದು ಮನೆಗಳಿದ್ದವು. ಆ ಮನೆಗಳಲ್ಲಿ ಬಾವಿ ಇದೆಯೇ, ಅದರ ನೀರು ಕುಡಿಯುತ್ತಾರೆಯೇ ಎಂದು ಬಾಗಿಲು ಬಾಗಿಲಿಗೆ ಹೋಗಿ ಕೇಳಬೇಕಿತ್ತು. ಅಷ್ಟರಲ್ಲಿ ಮೇಡಂಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗಿ ಕೀಮೋ ಶುರುವಾಗಿತ್ತು. ನಾನೊಬ್ಬಳೇ ಹೋದೆ.

ಆ ದಿನ ಬೆಳಿಗ್ಗೆಯಿಂದ ಅಡ್ಡಮಳೆ. ಫಾರಂ ಒದ್ದೆಯಾಗಿ ಪೆನ್ನು ಹತ್ತುತ್ತಿರಲಿಲ್ಲ. ಹತ್ತು ಮನೆಯಲ್ಲೂ ಪೈಪಿನ ನೀರು. ಕೊನೆಯ ಮನೆಯದು ನೊರೀನ್ ಎಂಬ ಎಪ್ಪತ್ತರ ಆಸುಪಾಸಿನ ಹೆಂಗಸು. ಬಾಗಿಲನ್ನು ಅರ್ಧ ತೆರೆದು, ಬೊಗಳುವ ನಾಯಿಯನ್ನು ಕಾಲಿನಿಂದ ತಡೆದು ನಿಂತಿದ್ದರು. ಬಾವಿಗಳ ಸಮೀಕ್ಷೆ ಮಾಡುತ್ತಿದ್ದೇವೆ, ನಿಮ್ಮಲ್ಲಿ ಬಾವಿ ಇದೆಯೇ, ಇದ್ದರೆ ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತೇವೆ ಎಂದು ನಾಯಿಯ ಗಲಾಟೆಯ ನಡುವೆ ಒಂದೇ ಉಸಿರಿಗೆ ಒದರಿದೆ.

"ನೋ ಗರ್ಲ್, ವಿ ಆರ್ ಗ್ರ್ಯಾಂಡ್," ಎಂದರು ಅವರು.

ಥ್ಯಾಂಕ್ಯೂ ಹೇಳಿ, ಗೇಟು ಹಾಕಿ, ಕಾರಿನಲ್ಲಿ ಕೂತು 'ಬಾವಿ ಇಲ್ಲ' ಎಂಬಲ್ಲಿ ಟಿಕ್ ಹಾಕಿದೆ. ಎರಡು ವರ್ಷ ಇಲ್ಲಿದ್ದ ನನಗೆ ಇವರ ಇಂಗ್ಲಿಷು ಪೂರಾ ಅರ್ಥವಾಗುತ್ತದೆ ಎಂಬ ಜಂಬವೂ ಇತ್ತು, ಬೇಗ ಮನೆ ಸೇರಬೇಕೆಂಬ ಆತುರವೂ ಇತ್ತು. ವರದಿ ಸಿದ್ಧವಾಯಿತು. ಹಾದಿಯಲ್ಲಿ ಕುಡಿಯುವ ನೀರಿನ ಬಾವಿಗಳಿಲ್ಲ, ಆದ್ದರಿಂದ ಜನರಿಗೆ ತಕ್ಷಣದ ಅಪಾಯವಿಲ್ಲ ಎಂದು ಬರೆದೆ. ಮೇಡಂ ಆಸ್ಪತ್ರೆಯ ಹಾಸಿಗೆಯಲ್ಲಿ ಲ್ಯಾಪ್‌ಟಾಪ್ ತೆರೆದು ಓದಿ, "ರಸ್ತೆಲಿ ನಡೆದ್ಯಾ?" ಎಂದು ಫೋನಿನಲ್ಲಿ ಕೇಳಿದರು. ನಡೆದೆ ಎಂದೆ. ತಾವು ನಡೆಯದ ಒಂದು ರಸ್ತೆಯ ವರದಿಗೆ ಅವರು ಮೊದಲ ಸಲ ಸಹಿ ಹಾಕಿದರು.

ಒಂದು ವರ್ಷದ ಮೇಲೆ ಎರಡು ತಿಂಗಳು ಕಳೆದವು. ಮೇಡಂ ಕೂದಲು ಕಳೆದುಕೊಂಡು, ಅರ್ಧ ತೂಕವಾಗಿ, ಕೆಲಸಕ್ಕೆ ಮರಳಿದರು. ಹೆಲ್ಮೆಟ್ಟು ಈಗ ಸರಿಯಾಗಿ ಕೂರುತ್ತದೆ ಎಂದು ಅವರೇ ತಮಾಷೆ ಮಾಡಿದರು. ಬಂದ ವಾರವೇ ಸೈಟಿನ ಅಂಚಿನ ಹೊಸ ಕೊರೆಬಾವಿಯಲ್ಲಿ ದ್ರಾವಣ ಕಾಣಿಸಿಕೊಂಡ ಫಲಿತಾಂಶ ನೋಡಿ, ಆ ಸಣ್ಣ ರಸ್ತೆಗೆ ಹೋಗೋಣ ಎಂದರು. ಒಂದೊಂದು ಗೇಟಿನ ಮುಂದೆಯೂ ನಿಂತು ನೆಲ ನೋಡುತ್ತ ನಡೆದರು. ಪೈಪಿನ ನೀರಿರುವ ಮನೆಯ ಮುಂದೆ ನೆಲದಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ, ಮೀಟರಿನದು. ಹತ್ತು ಮನೆಗಳ ಮುಂದೆಯೂ ಇತ್ತು. ನೊರೀನ್ ಮನೆಯ ಮುಂದೆ ಬರೀ ಹುಲ್ಲಿತ್ತು.

ಮೇಡಂ ಬಾಗಿಲು ಬಡಿದರು.

ನೊರೀನ್ ನಮ್ಮನ್ನು ಅಡುಗೆಮನೆಗೆ ಕರೆದು ಕೂರಿಸಿದರು. ಅವರ ತೊಡೆಯ ಮೇಲೆ ಏಳೆಂಟು ತಿಂಗಳ ಮೊಮ್ಮಗು ಬಾಟಲಿಯ ಹಾಲು ಕುಡಿಯುತ್ತಿತ್ತು. ಹೊಸ ಮನೆ ಕಟ್ಟಿಸುವವರೆಗೆ ಮಗ, ಸೊಸೆ ಇಲ್ಲೇ ಇದ್ದಾರೆ, ಅವರು ಕೆಲಸಕ್ಕೆ ಹೋದರೆ ಮಗು ನನ್ನದೇ ಎಂದು ಹಿಗ್ಗಿನಿಂದ ಹೇಳಿದರು. ಟೀ ಕೊಟ್ಟರು. ಮೇಡಂ ಕಪ್ಪು ಹಿಡಿದುಕೊಂಡು ತಮ್ಮ ಪ್ರಶ್ನೆ ಕೇಳಿದರು.

"ನಮ್ಮದೇ ಬಾವಿ," ಎಂದರು ನೊರೀನ್. "ನಮ್ಮ ಮಾವ ತೋಡಿಸಿದ್ದು. ಇಡೀ ರಸ್ತೆಯಲ್ಲೇ ಇಂಥ ನೀರಿಲ್ಲ. ಟೆಸ್ಟು ಬೇಡ, ನಾವು ಗ್ರ್ಯಾಂಡ್ ಅಂತ ಈ ಹುಡುಗಿಗೆ ಅವತ್ತೇ ಹೇಳಿದ್ನಲ್ಲ."

ನಾನು ಅರ್ಧ ಕಪ್ಪು ಕುಡಿದಾಗಿತ್ತು. ಮೇಡಂ ತಮ್ಮ ಕಪ್ಪನ್ನು ಮೇಜಿನ ಮೇಲಿಟ್ಟು, ಮಗುವಿನ ಬಾಟಲಿಯನ್ನು ನೋಡಿ, ತುಂಬ ಮೆಲ್ಲಗೆ ವಿಷಯ ಹೇಳಿದರು. ಪರೀಕ್ಷೆ ಆಗುವವರೆಗೆ ಈ ನೀರನ್ನು ಯಾರೂ ಕುಡಿಯಬಾರದು, ಮಗುವಂತೂ ಬೇಡವೇ ಬೇಡ ಎಂದರು. ನೊರೀನ್ ಮೊದಲು ಹೇಳಿದ್ದು ಒಂದೇ ಮಾತು. "ಆದ್ರೆ ನಾನು ಪ್ರತಿ ಸಲ ನೀರು ಕುದಿಸಿಯೇ ಹಾಲಿನ ಪುಡಿ ಕಲಸಿ ಕೊಟ್ಟಿದ್ದೀನಿ." ಕುದಿಸಿದರೆ ಆ ದ್ರಾವಣ ಆವಿಯಾಗಿ ಅದೇ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಅದೇ ಗಾಳಿಯನ್ನು ಅಜ್ಜಿ ಮೊಮ್ಮಗು ಉಸಿರಾಡಿದ್ದಾರೆ. ಅದನ್ನು ಅಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಮೇಡಂ ನನ್ನ ಕಡೆ ತಿರುಗಿದರು.

"ಅವತ್ತು ಏನಂತ ಕೇಳ್ದೆ ವೀಣಾ?"

"ಬಾವಿ ಇದ್ಯಾ, ಟೆಸ್ಟ್ ಮಾಡ್ಬೇಕಾ ಅಂತ ಎರಡೂ ಕೇಳ್ದೆ ಮೇಡಂ."

"ಎರಡು ಪ್ರಶ್ನೆ ಕೇಳಿ ಒಂದು ಉತ್ತರ ತಗೊಂಡು ಬಂದೆ." ಬೈಗುಳದ ದನಿಯಿರಲಿಲ್ಲ. "ಅವ್ರು ಬೇಡ ಅಂದ್ರು. ನೀನು ಇಲ್ಲ ಅಂತ ಬರ್ಕೊಂಡೆ. ಇಂಗ್ಲಿಷಲ್ಲಿ ಎರಡಕ್ಕೂ ನೋ ಅಂತಾರೆ, ಅವ್ರಿಗೆ ಗೊತ್ತಾಗಲ್ಲ. ನಾವು ಕನ್ನಡದೋರು ಕಣಮ್ಮ. ನಮ್ಗೆ ಬೇಡ ಬೇರೆ, ಇಲ್ಲ ಬೇರೆ. ನಿನಗೆ ಹೊಳೀಬೇಕಿತ್ತು."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. "ನಾನೂ ನಡೀದೆ ಸೈನ್ ಹಾಕ್ದೆ. ನಿಂದು ಎಷ್ಟೋ ನಂದೂ ಅಷ್ಟೇ," ಎಂದರು. ಮಾರನೆಯ ದಿನವೇ ಬಾವಿಯ ನೀರನ್ನು ಲ್ಯಾಬಿಗೆ ಕಳಿಸಿದರು. ಫಲಿತಾಂಶ ಮಿತಿಗಿಂತ ಎಷ್ಟೋ ಪಟ್ಟು ಮೇಲಿತ್ತು. ಮೇಡಂ ಕೌಂಟಿ ಕೌನ್ಸಿಲ್ಲಿಗೆ ದಿನಾ ಫೋನ್ ಮಾಡಿ, ಕೂಗಾಡಿ, ಮೂರು ವಾರದಲ್ಲಿ ಆ ಮನೆಗೆ ಪೈಪು ಹಾಕಿಸಿದರು. ಬಾವಿಗೆ ಸಿಮೆಂಟು ತುಂಬಿಸುವಾಗ ತಾವೇ ಹೋಗಿ ನೊರೀನ್ ಪಕ್ಕ ನಿಂತಿದ್ದರಂತೆ.

ಮಗುವಿನ ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೆ ಇದು ಇವತ್ತು ಕುಡಿದು ನಾಳೆ ಮಲಗುವ ವಿಷವಲ್ಲ. ವರ್ಷಗಟ್ಟಲೆ ಕಾದು ನೋಡಬೇಕು ಎಂದರು ಡಾಕ್ಟರು.

ಇಷ್ಟಕ್ಕೇ ನಿಂತಿದ್ದರೆ ನನ್ನದು ತಪ್ಪು ಎನ್ನಬಹುದಿತ್ತು. ಮುಂದಿನದಕ್ಕೆ ಆ ಮಾತು ಸಾಲದು. ತಿದ್ದಿದ ವರದಿಗೆ ನಮ್ಮ ಮ್ಯಾನೇಜರ್ ಒಂದು ಸಾಲು ಸೇರಿಸಿದ: ಹಿಂದಿನ ಸಮೀಕ್ಷೆಯಲ್ಲಿ ಬಾವಿ ಇಲ್ಲವೆಂದು ಮನೆಯವರೇ ತಿಳಿಸಿದ್ದರು. ಮೃದು ಮಾತಿನ ಮನುಷ್ಯ ಅವನು. ಕಂಪನಿಯ ಮೇಲೆ ಕೇಸು ಬೀಳದಿರಲು ಇಷ್ಟು ಸಾಕು, ನಿನ್ನ ಪರ್ಮಿಟ್ಟು ಮುಂದಿನ ತಿಂಗಳು ನವೀಕರಣಕ್ಕೆ ಬರುತ್ತದಲ್ಲವೇ ಎಂದು ಕಾಳಜಿಯಿಂದಲೇ ಕೇಳಿದ. ಮೇಡಂ ಆ ಸಾಲಿಗೆ ಸಹಿ ಹಾಕಲಿಲ್ಲ. "ಆ ಯಮ್ಮ ಹಂಗೆ ಹೇಳೇ ಇಲ್ಲ," ಎಂದು ಕಾಗದವನ್ನು ಅವನ ಮೇಜಿನ ಮೇಲೆ ಎಸೆದು ಬಂದರು. ಕನ್ನಡದಲ್ಲೇ ಹೇಳಿದ್ದರು, ಅವನಿಗೆ ಅರ್ಥವಾಗಿತ್ತು. ಆ ವಾರವೇ ಕೆಲಸ ಬಿಟ್ಟರು.

ನಾನು ಸಹಿ ಹಾಕಿದೆ. ಸಮೀಕ್ಷೆ ಮಾಡಿದವಳು ನಾನು, ಕಂಪನಿಗೆ ನನ್ನ ಸಹಿಯೇ ಸಾಕಾಗಿತ್ತು.

ಆ ವರದಿಯ ಪ್ರತಿ ನೊರೀನ್‌ಗೂ ಹೋಯಿತು. ಮಗ ಓದಿದ. ಪುಕ್ಕಟೆ ಪರೀಕ್ಷೆ ಮಾಡುತ್ತೇವೆಂದು ಬಾಗಿಲಿಗೆ ಬಂದವರಿಗೆ ಅಮ್ಮ ಬಾವಿಯೇ ಇಲ್ಲ ಎಂದು ಸುಳ್ಳು ಹೇಳಿ ಕಳಿಸಿದ್ದಾಳೆ, ಅದೇ ನೀರನ್ನು ನನ್ನ ಮಗುವಿಗೆ ಕುಡಿಸಿದ್ದಾಳೆ ಎಂದು ತಿಳಿದ. ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ಊರಿನಲ್ಲಿ ಬಾಡಿಗೆ ಮನೆ ಹಿಡಿದ. ನೊರೀನ್‌ಗೂ ಟೆಸ್ಟು ಬೇಡ ಎಂದದ್ದಷ್ಟೇ ನೆನಪಿತ್ತು, ಬಾವಿಯ ಮಾತಿಗೆ ಏನೆಂದಿದ್ದರೋ ಖಚಿತವಿರಲಿಲ್ಲ. ಅಚ್ಚಾದ ಕಾಗದವನ್ನು ನಂಬಿ, ಹಾಗೇ ಹೇಳಿದ್ದಿರಬೇಕು ಎಂದು ಒಪ್ಪಿಕೊಂಡುಬಿಟ್ಟರು. ಇದೆಲ್ಲ ನನಗೆ ತಿಳಿದದ್ದು ಮೇಡಂ ಬಾಯಿಂದ. ಕೆಲಸ ಬಿಟ್ಟ ಮೇಲೂ ಅವರು ಬಸ್ಸು ಹಿಡಿದು ನೊರೀನ್‌ರನ್ನು ನೋಡಲು ಹೋಗುತ್ತಿದ್ದರು. ಕಾಗದ ಸುಳ್ಳು, ನೀವು ಹಾಗೆ ಹೇಳಿಲ್ಲ ಎಂದು ಮೇಡಂ ಹೇಳಿದರೆ, ನೀವು ಆ ದಿನ ಬಾಗಿಲಲ್ಲಿ ಇರಲಿಲ್ಲವಲ್ಲ ಎನ್ನುತ್ತಿದ್ದರಂತೆ ನೊರೀನ್.

"ನಾನ್ ಹೇಳಿದ್ರೆ ಆಗಲ್ಲ ಕಣಮ್ಮ," ಎಂದು ಮೇಡಂ ಒಮ್ಮೆ ನನ್ನನ್ನು ಡಗ್ಲಸ್‌ನ ತಮ್ಮ ಮನೆಗೆ ಕರೆಸಿ ಹೇಳಿದರು. "ಬಾಗಿಲಲ್ಲಿ ನಿಂತಿದ್ದೋಳು ನೀನು. ಹೋಗಿ ಒಂದು ಮಾತು ಹೇಳು. ಕೆಲ್ಸಕ್ಕೆ ಏನಾಗ್ತೈತೋ ಆಮೇಲೆ ನೋಡ್ಕೊಳಣ."

ಹೋಗ್ತೀನಿ ಮೇಡಂ ಎಂದೆ. ಹೋಗಲಿಲ್ಲ. ಪರ್ಮಿಟ್ಟು ಬರಲಿ ಎಂದುಕೊಂಡೆ, ಬಂತು. ಚಳಿ ಕಳೆಯಲಿ ಎಂದುಕೊಂಡೆ, ಕಳೆಯಿತು. ಹೇಡಿಗೆ ನೆಪಗಳಿಗೇನು ಬರ.

ಗಡ್ಡೆ ಮತ್ತೆ ಬಂತು, ಈ ಸಲ ಲಿವರಿಗೆ. ಮೇ ತಿಂಗಳ ಒಂದು ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಮೇಡಂ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಕಾರ್ಕ್‌ನಲ್ಲೇ ಹುಟ್ಟಿದ ಮಗಳು ಪಕ್ಕದಲ್ಲಿದ್ದಳು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಕಾರ್ಕ್ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ, ಕಾಲು ಒತ್ತುತ್ತಿದ್ದಳು. ನನ್ನನ್ನು ನೋಡಿ ಕಾಫಿ ತರಲು ಎದ್ದು ಹೋದಳು.

ಮೇಡಂ ಕಣ್ಣು ತೆರೆದರು. "ನೊರೀನ್ ಹತ್ರ ಹೋಗಿದ್ಯಾ?"

ಸಾಯುತ್ತಿರುವವರ ಮನಸ್ಸಿಗೆ ನೆಮ್ಮದಿ ಇರಲಿ ಎಂದು ಹೇಳಿದೆನೆಂದು ಆಮೇಲೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಅದು ಸುಳ್ಳು. ಇನ್ನೂ ಇಲ್ಲ ಎನ್ನಲು ನಾಚಿಕೆಯಾಯಿತು, ಅಷ್ಟೇ.

"ಹೋಗಿದ್ದೆ ಮೇಡಂ. ಹೇಳ್ದೆ."

"ಯಾವಾಗ?"

"ಹೋದ ವಾರ."

ಅವರು ನನ್ನ ಕೈ ಹಿಡಿದುಕೊಂಡಿದ್ದರು, ಬಿಡಲಿಲ್ಲ. "ನೊರೀನ್ ನಿನ್ನೆ ಇಲ್ಲಿಗೆ ಬಂದಿದ್ರು," ಎಂದರು. "ಎರಡು ಬಸ್ಸು ಬದಲಾಯಿಸ್ಕೊಂಡು. ನೀನು ಕೂತಿದೀಯಲ್ಲ, ಅದೇ ಕುರ್ಚೀಲಿ ಕೂತು ಅತ್ರು. ಮಗೂ ನೋಡಿ ಐದು ತಿಂಗಳಾಯ್ತಂತೆ."

 ಮೇಡಂ ಮುಖದಲ್ಲಿ ಕೋಪ ಹುಡುಕಿದೆ, ಸಿಗಲಿಲ್ಲ. ದಣಿವಿತ್ತು.

"ಹೋಗ್ಬಾ ತಾಯಿ," ಎಂದರು. "ಬಂದು ಹೇಳು ನಂಗೆ."

ಅದು ಬುಧವಾರ. ಶನಿವಾರ ರಜೆ, ಅವತ್ತೇ ಹೋದರಾಯಿತು ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ ಮಗಳು ಫೋನ್ ಮಾಡಿ ಇಂಗ್ಲಿಷಿನಲ್ಲಿ ಶುರುಮಾಡಿ, "ಅಮ್ಮ ಹೋಗ್ಬಿಟ್ರು ಅಕ್ಕ," ಎಂದು ಕನ್ನಡದಲ್ಲಿ ಮುಗಿಸಿದಳು. ಅವಳ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಶನಿವಾರ ನಾನು ನೊರೀನ್ ಮನೆಗೆ ಹೋಗಲಿಲ್ಲ, ಹಾಸಿಗೆಯಿಂದಲೇ ಏಳಲಿಲ್ಲ. ಚಿತಾಗಾರದಲ್ಲಿ ಕೊನೆಯ ಸಾಲಿನಲ್ಲಿ ನಿಂತಿದ್ದೆ. ಮುಂದಿನ ಸಾಲಿನಲ್ಲಿ ಕಪ್ಪು ಕೋಟು ತೊಟ್ಟ ನೊರೀನ್ ಇದ್ದರು, ಮೇಡಂ ಮಗಳ ಭುಜ ಹಿಡಿದುಕೊಂಡು. ಅಲ್ಲಿಯೂ ನಾನು ಅವರ ಹತ್ತಿರ ಹೋಗಲಿಲ್ಲ.

ಕೊನೆಗೆ ಒಂದು ದಿನ ರಜೆ ಹಾಕಿ ಹೋದೆ. ನೊರೀನ್ ಬಾಗಿಲನ್ನು ಪೂರ್ತಿ ತೆರೆದರು. ನಾನು ಹೊಸ್ತಿಲಾಚೆಯೇ ನಿಂತು, ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಮರೆತು, ಸಿಕ್ಕಿದ ಮಾತಿನಲ್ಲಿ ಹೇಳಿದೆ. ನೀವು ಬಾವಿ ಇಲ್ಲ ಎನ್ನಲಿಲ್ಲ. ನಾನು ತಪ್ಪಾಗಿ ಬರೆದೆ. ಆಮೇಲೆ ತಪ್ಪೆಂದು ಗೊತ್ತಿದ್ದೂ, ನನ್ನ ಕೆಲಸ ಉಳಿಯಲೆಂದು ಆ ಕಾಗದಕ್ಕೆ ಸಹಿ ಹಾಕಿದೆ.

ಅವರು ನನ್ನನ್ನು ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟರು.

"ನನ್ನ ಮಾತನ್ನ ಮಗ ನಂಬಲ್ಲ," ಎಂದರು. "ಈಗ ಹೇಳಿದ್ದನ್ನೇ ಬರೆದುಕೊಡು."

ಬರೆದೆ. ನಾಲ್ಕೇ ಸಾಲಾಯಿತು. ಕೆಳಗೆ ಹೆಸರು ಬರೆದು ಸಹಿ ಹಾಕಿದೆ. ನೊರೀನ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಹಾಳೆಯನ್ನು ನನ್ನ ಕಡೆಗೇ ತಳ್ಳಿ, ದಿನಾಂಕ ಬಿಟ್ಟಿದ್ದೀಯ ಎಂದರು.

ದಿನಾಂಕ ಹಾಕಿದೆ. ಮುನಿರತ್ನ ಮೇಡಂ ಹೋಗಿ ಅವತ್ತಿಗೆ ಹನ್ನೊಂದು ದಿನ.